ಕೆಲಸವಿಲ್ಲದ ಬೆಂಗಳೂರು

ಶಿಡ್ಲಘಟ್ಟದಿಂದ ಬೆಂಗಳೂರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮಗಳ ಮದುವೆ ಸೀರೆಗೆ ಚಿಕ್ಕಪೇಟೆ, ಅತ್ತೆಯವರ ಕಣ್ಣಿನ ಆಪರೇಷನ್ನು, ಪರೀಕ್ಷೆಯ ಪೇಪರ್ ತಿದ್ದುವುದು. ಸಂಜೆ ಬಸ್ಸು ತಪ್ಪೀತೆಂದು ಮೆಜೆಸ್ಟಿಕ್ಕಿನಲ್ಲಿ ಓಡಿದ್ದೇ ನೆನಪು.

ಈ ಮಾರ್ಚಿಯಲ್ಲಿ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಸುಮ್ಮನೆ ಬರುತ್ತೇನೆಂದು ಜಯನಗರದ ಅಕ್ಕನಿಗೆ ಫೋನ್ ಮಾಡಿದೆ.

"ಏನು ಕೆಲಸವಿತ್ತೇ?"

"ಏನೂ ಇಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. "ಡಾಕ್ಟರಿಗೆ ತೋರಿಸಬೇಕಾ? ನನ್ನ ಹತ್ತಿರ ಮುಚ್ಚಿಡಬೇಡ ಕಣೇ."

ನಗು ಬಂತು. ಆಮೇಲೆ ನಾಚಿಕೆಯಾಯಿತು. ಭಾವ ಹೋಗಿ ನಾಲ್ಕು ವರ್ಷ; ಅವಳನ್ನು ನೋಡಲೆಂದೇ ನಾನು ಒಮ್ಮೆಯೂ ಹೋಗಿರಲಿಲ್ಲ.

ನಮ್ಮ ಯಜಮಾನರದ್ದೂ ಅದೇ ಪ್ರಶ್ನೆ. ಖರ್ಚಿನ ಮಾತೆತ್ತುವಂತಿಲ್ಲ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಲ್ಲ!

ಭಾನುವಾರ ಬಿಸಿಲೇರುವ ಮುಂಚೆ ಲಾಲ್‌ಬಾಗು, ಅಷ್ಟೇ. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲು ಜನವರಿ, ಆಗಸ್ಟಿನದು. ಮಾರ್ಚಿಯಲ್ಲಿ ಹೊಂಗೆ ಚಿಗುರಿರುತ್ತದೆ. ಅಲ್ಲಿಯ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷವೆಂದು ಮಕ್ಕಳಿಗೆ ಪಾಠ ಹೇಳಿದ್ದೇನೆ, ಅದರ ಮೇಲೆ ಹತ್ತು ನಿಮಿಷ ಕೂತಿಲ್ಲ. ಅಕ್ಕನಿಗೆ ಮಂಡಿನೋವು. ಕೆಂಪೇಗೌಡರ ಗೋಪುರದವರೆಗೆ ಹತ್ತಿಸುವುದಿಲ್ಲ; ಅವಳು ಎಲ್ಲಿ ಕೂರುತ್ತಾಳೋ ಅಲ್ಲೇ ನಾನೂ.

ಇನ್ನೂ ಹದಿನೈದು ದಿನವಿದೆ. ನಿನ್ನೆ ರಾತ್ರಿ ಅಕ್ಕನೇ ಫೋನ್ ಮಾಡಿದ್ದಳು: "ಶನಿವಾರ ರಾತ್ರಿಗೆ ಬಸ್ಸಾರು ಮಾಡಲಾ, ಉಪ್ಸಾರಾ?"