ಟ್ರಂಕು ಹೊರಗಿಟ್ಟವನು

ಬಾದಾಮಿಯ ನಮ್ಮ ಹಾಸ್ಟೆಲ್ ಕೋಣೆಯ ಛತ್ತಿನಲ್ಲಿ ಒಂದೇ ಒಂದು ಕಬ್ಬಿಣದ ಕೊಕ್ಕೆ ಇತ್ತು. ಅದಕ್ಕೆ ಸುತಳಿ ಕಟ್ಟಿ ನನ್ನ ರೂಮಿನ ಗೆಳೆಯ ರೊಟ್ಟಿಯ ಗಂಟು ತೂಗುಹಾಕಿದ್ದ. ಕೆರೂರು ಕಡೆಯ ಹಳ್ಳಿಯಿಂದ ಪ್ರತಿ ಸೋಮವಾರ ಬಸ್ಸಿಗೆ ಅವನ ಬುತ್ತಿ ಬರುತ್ತಿತ್ತು. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಕೆಂಪು ಖಾರ. ಇರುವೆ, ಇಲಿ ಯಾವುದಕ್ಕೂ ಎಟುಕದ ಜಾಗ. ಅಜ್ಜಿಯ ಅಡುಗೆಮನೆಯಲ್ಲಿ ನೆಲುವು ಮಾಡುತ್ತಿದ್ದ ಕೆಲಸವೇ. ಆದರೂ ಕೋಣೆಗೆ ಕಾಲಿಟ್ಟ ದಿನವೇ ಆ ಗಂಟು ನನ್ನ ಕಣ್ಣಿಗೆ ಚುಚ್ಚಿತು.

ಅದು 2017ರ ಜೂನ್. ಬಿ.ಎಸ್ಸಿ. ಮೊದಲ ವರ್ಷ. ಜಿಯೋ ಸಿಮ್ಮು ಬಂದು ಇನ್ನೂ ವರ್ಷ ತುಂಬಿರಲಿಲ್ಲ, ರಾತ್ರಿಯಿಡೀ ವಿಡಿಯೋ ನೋಡಿದರೂ ಕೇಳುವವರಿರಲಿಲ್ಲ. ಅಮೆರಿಕದ ಹುಡುಗ ಹುಡುಗಿಯರು ತಮ್ಮ ಹಾಸ್ಟೆಲ್ ಕೋಣೆ ಸಿಂಗರಿಸುವ ವಿಡಿಯೋಗಳಿಗೆ ನಾನು ಅಂಟಿಕೊಂಡಿದ್ದೆ. ಮಂಚದ ಸುತ್ತ ಪುಟ್ಟ ದೀಪಗಳ ಮಾಲೆ, ಗೋಡೆ ತುಂಬ ಫೋಟೋ, ಬೆಕ್ಕಿನ ಮೈಯಂಥ ಮೆತ್ತನೆ ಹೊದಿಕೆ. ಅಂಥದೊಂದು ಕೋಣೆ ನನಗೂ ಬೇಕಾಯಿತು. ನಿಜ ಹೇಳಬೇಕೆಂದರೆ ಕೋಣೆಯೂ ಅಲ್ಲ, ಅದರ ಫೋಟೋ ಬೇಕಾಗಿತ್ತು.

ನಮ್ಮದು ಇಳಕಲ್ಲು. ಅಪ್ಪ ಕುಣಿಮಗ್ಗದ ನೇಕಾರ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಆ ಎರಡನ್ನೂ ಎಳೆಗೆ ಎಳೆ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಅದು ಅವ್ವನ ಕೆಲಸ. ಒಂದು ಎಳೆ ತಪ್ಪಿದರೂ ಸೀರೆ ಇಳಿಸಿದ ಮೇಲೆ ಕಾಣುತ್ತದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ ಎದ್ದು ಏನನ್ನೂ ಹುಡುಕಿದ್ದು ನಾನು ಕಂಡಿಲ್ಲ. ಲಾಳಿ ಬಲಕ್ಕೆ, ಕಂಡಿಕೆಯ ಬುಟ್ಟಿ ಎಡಕ್ಕೆ, ತಲೆಯ ಮೇಲಿನ ಗೂಟಕ್ಕೆ ಅಂಗಿ, ಗೋಡೆಯ ಮಾಡದಲ್ಲಿ ಎಲೆ ಅಡಿಕೆ ಚೀಲ. ಕತ್ತಲೆಯಲ್ಲೂ ಕೈ ಚಾಚಿದರೆ ಬೇಕಾದದ್ದು ಸಿಗುತ್ತಿತ್ತು. ಅಂಥ ಮನೆಯಲ್ಲಿ ಹದಿನೆಂಟು ವರ್ಷ ಬೆಳೆದ ನಾನು ಕೋಣೆ ಜೋಡಿಸುವುದನ್ನು ಕಲಿಯಲು ಮೊಬೈಲು ನೋಡಿದೆ.

ಮೆಸ್ಸಿಗೆಂದು ಅಪ್ಪ ಕೊಟ್ಟಿದ್ದ ದುಡ್ಡಿನಲ್ಲಿ ಸೀರಿಯಲ್ ಸೆಟ್ ದೀಪ, ಇಟ್ಟಿಗೆ ಗೋಡೆಯ ಚಿತ್ರವಿದ್ದ ಸ್ಟಿಕರ್ ಸುರುಳಿ, ಅಂಟುಕೊಕ್ಕೆ, ಕಡುನೀಲಿ ಪರದೆ, ಮೆತ್ತನೆ ಹೊದಿಕೆ ತರಿಸಿದೆ. ಬೀಳ್ಕೊಡುವಾಗ ಅವ್ವ ಕೊಟ್ಟ ಕೌದಿ ಮಂಚದ ಕೆಳಗೆ ಹೋಯಿತು. ಅವಳ ಹಳೆ ಸೀರೆಗಳನ್ನೆಲ್ಲ ಪದರ ಪದರ ಹಾಸಿ ಅಜ್ಜಿ ಹೊಲಿದ ಕೌದಿ. ಒಂದು ಚೌಕದಲ್ಲಿ ಗೋಮಿ ದಡಿ, ಇನ್ನೊಂದರಲ್ಲಿ ಪರಾಸಪೇಟಿ, ನಡುವೆ ಕೆಂಪು ತೆನಿ ಸೆರಗಿನದೊಂದು ತುಂಡು. ಫೋಟೋದಲ್ಲಿ ಅದು ಬಂದರೆ ಊರು ಗೊತ್ತಾಗಿಬಿಡುತ್ತದೆ ಅನಿಸಿತ್ತು.

ಅಂಟುಕೊಕ್ಕೆಯ ಮಾತು ಸ್ವಲ್ಪ ಹೇಳಲೇಬೇಕು. ಆ ದೇಶದ ಹಾಸ್ಟೆಲ್ಲುಗಳಲ್ಲಿ ಗೋಡೆಗೆ ಮೊಳೆ ಹೊಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಅದಕ್ಕೇ ಅವರಿಗೆ ಅಂಟು ಬೇಕು. ಅಲ್ಲಿಯದು ಬಣ್ಣ ಬಳಿದ ನುಣುಪು ಗೋಡೆ. ನಮ್ಮದು ವರ್ಷವರ್ಷ ಸುಣ್ಣ ಹೊಡೆದ ಗೋಡೆ, ಒರಗಿದರೆ ಬೆನ್ನೆಲ್ಲ ಬೆಳ್ಳಗಾಗುತ್ತದೆ. ಕೊಕ್ಕೆ ಹಿಡಿದದ್ದು ಗೋಡೆಯನ್ನಲ್ಲ, ಮೇಲಿನ ಸುಣ್ಣದ ಪುಡಿಯನ್ನು. ರಾತ್ರಿ ಟಪ್ ಎಂದು ಬಿದ್ದರೆ ಬೆನ್ನಿಗೆ ಸುಣ್ಣದ ಹಕ್ಕಳೆಯೂ ಬರುತ್ತಿತ್ತು. ಸ್ಟಿಕರಿನ ಅಂಚು ಆಷಾಢದ ಗಾಳಿಗೇ ಸುರುಳಿ ಸುತ್ತಿತು. ಊರ ನೆತ್ತಿಯ ಮೇಲಿನ ಮೂರನೇ ಗುಹೆಯನ್ನು ಮಂಗಲೇಶ ಮಾಡಿಸಿದ್ದು 578ರಲ್ಲಿ. ಅಲ್ಲಿಯ ಚಿತ್ರಗಳ ಬಣ್ಣ ಅಷ್ಟೋ ಇಷ್ಟೋ ಇವತ್ತಿಗೂ ಉಳಿದಿದೆ. ನನ್ನ ಇಟ್ಟಿಗೆ ಗೋಡೆ ಗಣೇಶ ಚೌತಿ ನೋಡಲಿಲ್ಲ.

ಸೀರಿಯಲ್ ಸೆಟ್ಟಿಗೆ ಛತ್ತಿನ ಕೊಕ್ಕೆ ಬೇಕಾಯಿತು. ರೊಟ್ಟಿ ಗಂಟು ಬಿಚ್ಚಿ ಕಿಟಕಿಯ ಕಟ್ಟೆಗೆ ಇಟ್ಟೆ. ಬಾದಾಮಿಯಲ್ಲಿ ಇದ್ದುಕೊಂಡು ಇದನ್ನು ಮಾಡಿದೆ ಅಂತ ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಇಲ್ಲಿಯ ಮಂಗಗಳು ಗುಹೆ ನೋಡಲು ಬಂದವರ ಕೈಯ ಚೀಲವನ್ನೇ ಬಿಡುವುದಿಲ್ಲ. ಕಾಲೇಜಿನಿಂದ ಬಂದು ನೋಡಿದರೆ ಸರಳಿನ ಆಚೆ ಒಂದು ಗಡವ ಕೂತು ಕಟಕ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ತಿನ್ನುತ್ತಿತ್ತು. ನೀಲಿ ಪರದೆ ಅರ್ಧ ಹೊರಗೆ, ಅರ್ಧ ಒಳಗೆ. ಗೆಳೆಯ ನಕ್ಕುಬಿಟ್ಟ. "ಪಾಪ, ಅದಕ್ಕೂ ಸೋಮವಾರದ ಬುತ್ತಿ ಬೇಕಲ್ಲೋ" ಅಂದ. ಆ ವಾರ ಅವನು ಎರಡು ಹೊತ್ತೂ ಮೆಸ್ಸಿನ ಅನ್ನವನ್ನೇ ಉಂಡ.

ಶ್ರಾವಣದಲ್ಲಿ ಅಪ್ಪ ಬಂದು ಒಂದು ರಾತ್ರಿ ಉಳಿದ. ಹುನಗುಂದ, ಅಮೀನಗಡ ದಾಟಿ ಬರುವಷ್ಟರಲ್ಲಿ ಬೆವತಿದ್ದ. ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದು ಸುತ್ತಲೂ ನೋಡಿ, ಕೊನೆಗೆ ಬಾಗಿಲ ಚಿಲಕಕ್ಕೆ ಸಿಗಿಸಿದ. ನಾನು ದೀಪ ಹಾಕಿ ತೋರಿಸಿದೆ. ಬಹಳ ಹೊತ್ತು ನೋಡಿದ.

"ಚಂದ ಅದಪಾ. ಕೈಗೆ ಮಾತ್ರ ಏನೂ ಸಿಗಂಗಿಲ್ಲ."

ದುಡ್ಡು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಕೇಳಿದ್ದರೆ ನೆಟ್ಟಗಾಗುತ್ತಿತ್ತು.

ಇಷ್ಟು ನಾನು ಯಾರೆದುರಿಗೂ ನಗುನಗುತ್ತ ಹೇಳುತ್ತೇನೆ. ಮುಂದಿನದನ್ನು ಹೇಳಿಲ್ಲ.

ಗೆಳೆಯನದೊಂದು ತಗಡಿನ ಟ್ರಂಕು ಇತ್ತು, ಹಸಿರು ಬಣ್ಣದ್ದು, ಮೂಲೆಯಲ್ಲಿ ತುಕ್ಕು. ಎಲ್ಲಿ ನಿಂತು ಫೋಟೋ ತೆಗೆದರೂ ಅದು ಅಡ್ಡ ಬರುತ್ತಿತ್ತು. ಸೆಪ್ಟೆಂಬರಿನ ಒಂದು ಶನಿವಾರ ಅವನು ಊರಿಗೆ ಹೋದ. ನಾನು ಟ್ರಂಕನ್ನು ಪಡಸಾಲೆಗೆ ಎಳೆದು ಗೋಡೆಗೆ ಹಚ್ಚಿ ಇಟ್ಟೆ. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಬೀಗ ಇರಲಿಲ್ಲ, ಬರೀ ಕೊಂಡಿ. ತೆಗೆದು, ನನ್ನ ಖಾಲಿ ರಟ್ಟಿನ ಡಬ್ಬಿಗಳನ್ನು ಅದರಲ್ಲಿ ತುರುಕಿದೆ. ಮುಚ್ಚಳ ನಾಲ್ಕು ಬೆರಳು ಮೇಲೆಯೇ ನಿಂತಿತು. ಕೋಣೆಗೆ ಬಂದು ಫೋಟೋ ತೆಗೆದೆ. ಚಂದ ಬಂತು. ನಲವತ್ತು ಮಂದಿ ಮೆಚ್ಚಿದರು.

ಆ ರಾತ್ರಿ ಸುರಿದ ಮಳೆಗೆ ಮರುದಿನ ಅಕ್ಕ ತಂಗಿ ದಿಡುಗು ಧುಮುಕುತ್ತಿತ್ತು. ಊರ ಹುಡುಗರೆಲ್ಲ ಭೂತನಾಥನ ಗುಡಿಯ ಕಡೆ ಓಡಿದರು, ನಾನೂ ಓಡಿದೆ. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಕೆಂಪು ಬಂಡೆಯ ಮೇಲಿಂದ ಬೀಳುವ ನೀರು ನೋಡುವಾಗ ಟ್ರಂಕು ನೆನಪಾಗಲಿಲ್ಲ. ಮಧ್ಯಾಹ್ನ ಹಿಂದಿರುಗಿ ಬಂದಾಗ ಪಡಸಾಲೆಯ ಸೂರಿನ ನೀರು ಹನಿಹನಿಯಾಗಿ ಅದರ ಮುಚ್ಚಳದ ಸಂದಿಗೆ ಬೀಳುತ್ತಿತ್ತು.

ಮೊದಲು ನನ್ನ ರಟ್ಟಿನ ಡಬ್ಬಿಗಳನ್ನು ತೆಗೆದು ಹಿತ್ತಲಿಗೆ ಎಸೆದೆ. ನಾನು ಮಾಡಿದ ಮೊದಲ ಕೆಲಸ ಅದು. ಆಮೇಲೆ ಒಳಗಿನದನ್ನು ನೋಡಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು ಒಂದಕ್ಕೊಂದು ಅಂಟಿದ್ದವು. ಸಸ್ಯಶಾಸ್ತ್ರದ ರೆಕಾರ್ಡ್ ಬುಕ್ಕಿನಲ್ಲಿ ಎಲೆ ಕಾಂಡಗಳ ಚಿತ್ರಗಳೆಲ್ಲ ಕದಡಿ ನೀಲಿ ಹೊಂಡವಾಗಿದ್ದವು. ಸ್ಕಾಲರ್‌ಶಿಪ್ಪಿಗೆಂದು ಸಹಿ ಹಾಕಿಸಿಕೊಂಡ ಝೆರಾಕ್ಸ್ ಪ್ರತಿಗಳ ನೇರಳೆ ಸೀಲು ಹರಿದು ಹಾಳೆಯ ಉದ್ದಕ್ಕೂ ಇಳಿದಿತ್ತು.

ಒಣಗಿಸಲು ಏನಾದರೂ ಬೇಕು. ಮೆತ್ತನೆ ಹೊದಿಕೆ ಮೇಲೆ ಹರವಿದರೆ ನೀರು ಮೇಲೆಯೇ ನಿಂತಿತು. ಪ್ಲಾಸ್ಟಿಕ್ ನೂಲು, ಹೀರಲೊಲ್ಲದು. ಕೊನೆಗೆ ಮಂಚದ ಕೆಳಗಿನ ಕೌದಿ ಎಳೆದೆ. ಫ್ಯಾನಿನ ಕೆಳಗೆ ಹಾಸಿ ಒಂದೊಂದೇ ಹಾಳೆ ಇಟ್ಟು ಅಂಗೈಯಿಂದ ಒತ್ತಿದೆ. ಹಳೆ ಹತ್ತಿ, ಗಟಗಟ ಕುಡಿಯಿತು.

ಸೋಮವಾರ ಬುತ್ತಿಯ ಗಂಟು ಹಿಡಿದುಕೊಂಡೇ ಅವನು ಬಂದ. ನೆಲದ ತುಂಬ ಹಾಳೆ ನೋಡಿ ಬಾಗಿಲಲ್ಲೇ ನಿಂತ.

"ಕೋಣಿ ಝಾಡಿಸೂದಕ್ಕ ಹೊರಗಿಟ್ಟಿದ್ನಿ. ಮಳಿ ಬಂತು" ಅಂದೆ.

"ಹೌದಾ... ನಾನ ಕೊಂಡಿ ಸರಿ ಹಾಕಿರಲಿಲ್ಲೇನೋ, ತಮ್ಮಾ" ಅಂದ.

ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅವನು ನನ್ನ ಮೌನವನ್ನೇ ಉತ್ತರ ಮಾಡಿಕೊಂಡ. "ಇಷ್ಟ ಒಣಗಿಸಿಟ್ಟೀಯಲ್ಲ, ದೊಡ್ಡದು" ಅಂತ ನನಗೇ ಉಪಕಾರ ಹೊರಿಸಿದ. ಅಂಕಪಟ್ಟಿಯ ನಕಲಿಗಾಗಿ ಅವನು ಎಷ್ಟು ಸಲ ತಿರುಗಿದ ಅಂತ ಲೆಕ್ಕ ಇಟ್ಟಿಲ್ಲ. ರೆಕಾರ್ಡನ್ನು ಮೊದಲಿನಿಂದ ಬರೆದ. ರಾತ್ರಿ ಹನ್ನೆರಡರವರೆಗೆ, ಟ್ಯೂಬ್‌ಲೈಟ್ ಹಾಕಿದರೆ ನನ್ನ ನಿದ್ದೆ ಕೆಡುತ್ತದೆಂದು, ನನ್ನ ಸೀರಿಯಲ್ ಸೆಟ್ಟಿನ ಬೆಳಕಿನಲ್ಲಿ. ಆ ದೀಪಗಳು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ನಾನು ಗೋಡೆಗೆ ಮುಖ ಮಾಡಿ ಮಲಗಿ ಪೆನ್ಸಿಲಿನ ಸಪ್ಪಳ ಕೇಳುತ್ತಿದ್ದೆ. ದೀಪಾವಳಿಗೆ ಊರಿಗೆ ಹೋಗುವ ಮೊದಲು ಸೆಟ್ ಬಿಚ್ಚಿ ಕೊಕ್ಕೆ ಖಾಲಿ ಮಾಡಿದೆ. ಮರಳಿ ಬರುವಷ್ಟರಲ್ಲಿ ಗಂಟು ಅದರ ಜಾಗದಲ್ಲಿ ತೂಗುತ್ತಿತ್ತು.

ಈಗ ಅವನು ಒಂದು ಪ್ರೌಢಶಾಲೆಯಲ್ಲಿ ಮಾಸ್ತರ. ಆಗೀಗ ಫೋನ್ ಮಾಡುತ್ತಾನೆ. ನಾನು ಪ್ರತಿ ಸಲ ಹೇಳಬೇಕು ಅಂದುಕೊಂಡು, ಮಳೆ ಬೆಳೆ ಕೇಳಿ ಇಡುತ್ತೇನೆ.

ಕೌದಿ ನಮ್ಮ ಮನೆಯಲ್ಲೇ ಇದೆ. ತೆನಿಯ ಕೆಂಪು ತುಂಡಿನ ಪಕ್ಕ ಬಿಳಿ ಚೌಕದಲ್ಲಿ ಒಂದು ನೇರಳೆ ಕಲೆ, ಅರ್ಧ ಚಂದ್ರದ ಹಾಗೆ. ಹೋದ ಚಳಿಗಾಲದಲ್ಲಿ ಬಿಸಿಲಿಗೆ ಹಾಕುವಾಗ ಹೆಂಡತಿ ಕೇಳಿದಳು, ಇದೇನು ಅಂತ.

"ಹಳೇ ಸೀರಿ, ಬಣ್ಣ ಬಿಟ್ಟದ" ಅಂದೆ.

ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ಏನಂದಿ? ನಮ್ಮ ಮನಿ ಸೀರಿ ಯಾವತ್ತ ಬಣ್ಣ ಬಿಟ್ಟದೋ?"