ಜೆ.ಸಿ. ರಸ್ತೆಯಿಂದ ತೊಂಡೇಬಾವಿಗೆ

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೊರಟ ಪ್ಯಾಸೆಂಜರ್ ರೈಲು ದೊಡ್ಡಬಳ್ಳಾಪುರವನ್ನು ದಾಟಿದ ಮೇಲೆ ಪ್ರಯಾಣಿಕನ ಕಣ್ಣಿಗೆ ಹಬ್ಬ ಆರಂಭವಾಗುತ್ತದೆ. ಘಾಟಿ ಸುಬ್ರಹ್ಮಣ್ಯದ ಭಕ್ತರು ಇಳಿದುಹೋಗಿ ಡಬ್ಬಿಯಲ್ಲಿ ಒಂದಿಷ್ಟು ಜಾಗವಾಗಿರುತ್ತದೆ. ಬಯಲು ಮೆಲ್ಲಮೆಲ್ಲನೆ ಏರಾಗುತ್ತದೆ. ಬಂಡೆಗಳು ಹಳಿಯ ಸಮೀಪಕ್ಕೇ ಬಂದು ಇಣುಕುತ್ತವೆ. ನೆತ್ತಿಯ ಮೇಲೆ ಹಳೆಯ ಕೋಟೆಯನ್ನು ಹೊತ್ತ ಮಾಕಳಿದುರ್ಗದ ಗುಡ್ಡವನ್ನು ಬಳಸಿಕೊಂಡು ರೈಲು ಹಾವಿನಂತೆ ಬಳುಕುತ್ತದೆ. ಗುಡ್ಡಗಳು ಹಿಂದೆ ಸರಿದು ಬಯಲು ಮತ್ತೆ ತೆರೆದುಕೊಂಡಾಗ ಸಿಕ್ಕುವ ನಿಲ್ದಾಣವೇ ತೊಂಡೇಬಾವಿ.

2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ವರ್ಷ ಹೊಸದಾಗಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯ ಪಾಲಿಗೆ ಬಂದ ಊರು ಇದು. ರತ್ನದ ಕಲ್ಲುಗಳ ವ್ಯಾಪಾರಕ್ಕೆ ಹೆಸರಾದ ಅಲೀಪುರಕ್ಕೆ ಹೋಗುವವರು ಇಳಿಯುವುದೂ ಇಲ್ಲಿಯೇ. ಊರಿನ ಹೆಸರಿನಲ್ಲಿ ಬಾವಿ ಇದ್ದರೂ ಸೀಮೆಯಲ್ಲಿ ನೀರಿಗೆ ಬಡತನ. ನಂದಿಯ ಬಳಿಯ ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ ಗೌರಿಬಿದನೂರಿನ ಮಾರ್ಗವಾಗಿ ಹಿಂದೂಪುರದತ್ತ ಸಾಗುವ ಉತ್ತರ ಪಿನಾಕಿನಿ ವರ್ಷದ ಬಹುಕಾಲ ಮರಳಿನ ಹೊಳೆಯೇ. ಮುಸುಕಿನ ಜೋಳ ಮಳೆಯನ್ನು ನಂಬಿದರೆ, ತೋಟ ಕೊಳವೆಬಾವಿಯನ್ನು ನಂಬುತ್ತದೆ. ಎರಡೂ ಕೈಕೊಟ್ಟ ವರ್ಷ ಮನೆಯನ್ನು ಕಾಯುವುದು ಕೊಟ್ಟಿಗೆಯ ಹಸು.

ಎತ್ತಿನ ಜಾಗದಲ್ಲಿ

ಹಸುವಿನ ಹಿಂದೆಯೇ ಬರುವುದು ಮೋಟಾರು ಸೈಕಲ್ಲು. ಹಾಲು ಹೊತ್ತು ಮೀರಿದರೆ ಕೆಡುತ್ತದೆ. ಹಾಲಿನ ಸಹಕಾರ ಸಂಘವೂ ಹೊತ್ತು ಮೀರಿ ಬಂದವನಿಗಾಗಿ ಕಾಯುವುದಿಲ್ಲ. ಆದುದರಿಂದ ಬೆಳಗ್ಗೆ ಮತ್ತು ಸಂಜೆ ಇಲ್ಲಿಯ ಮಣ್ಣುದಾರಿಗಳಲ್ಲಿ ಎರಡು ಬದಿಗೂ ಕ್ಯಾನು ತೂಗಿಕೊಂಡ ಬೈಕುಗಳು ಸಾಲಾಗಿ ಬರುತ್ತವೆ. ಹಿಂದೆ ಎತ್ತು ಮಾಡುತ್ತಿದ್ದ ಹಲವು ಕೆಲಸಗಳು ಈಗ ಈ ಯಂತ್ರದ ಪಾಲಿಗೆ ಬಂದಿವೆ. ಬೂಸಾ ಮೂಟೆ ಇದರ ಮೇಲೆ. ಶಾಲೆಗೆ ಹೋಗುವ ಮಗಳು ಇದರ ಮೇಲೆ. ಜ್ವರ ಬಂದ ಮುದುಕಿ ಆಸ್ಪತ್ರೆಗೆ ಹೋಗುವುದೂ ಇದರ ಮೇಲೆಯೇ.

ದಾರಿ ಮಾತ್ರ ಎತ್ತಿನ ಕಾಲದ ದಾರಿಯಲ್ಲ. ತೊಂಡೇಬಾವಿಯಲ್ಲಿ ಸಿಮೆಂಟು ಅರೆಯುವ ಕಾರ್ಖಾನೆ ಇದೆ. ಬೇರೆಡೆ ಸುಟ್ಟು ತಯಾರಿಸಿದ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು ಇಲ್ಲಿ ಪುಡಿಯಾಗಿ ಸಿಮೆಂಟಾಗುತ್ತವೆ. ಅದನ್ನು ತುಂಬಿದ ಲಾರಿಗಳು ದೊಡ್ಡಬಳ್ಳಾಪುರ–ಗೌರಿಬಿದನೂರು ರಸ್ತೆಗೆ ಇಳಿಯುತ್ತವೆ. ಹಾಲಿನ ಬೈಕು ಮಣ್ಣುದಾರಿಯಿಂದ ಟಾರುದಾರಿಗೆ ಹತ್ತುವ ತಿರುವಿನಲ್ಲಿ ಹರಡಿದ ಜಲ್ಲಿಪುಡಿಯೊಂದು ಸಾಕು. ಚಕ್ರ ಜಾರಿ ಬೈಕು ಬಲಮಗ್ಗುಲಿಗೆ ಉರುಳುತ್ತದೆ. ಹಾಗೆ ಬಿದ್ದ ಒಬ್ಬ ಹಾಲಿನ ಸವಾರನ ಕಥೆಯಲ್ಲಿ ಈ ಸೀಮೆಯ ಎಷ್ಟೋ ಸವಾರರ ಕಥೆ ಅಡಗಿದೆ. ಅವನಿಗೆ ಮೊಣಕೈ ತರಚಿತು, ಒಂದು ಕ್ಯಾನು ಹಾಲು ನೆಲದ ಪಾಲಾಯಿತು. ಬೈಕಿನ ಹ್ಯಾಂಡಲ್ಲಿನ ಬಲಗಡೆ ಟ್ಯಾಂಕಿನತ್ತ ಬಾಗಿ ಕುಳಿತಿತು.

ಬೆಂಡು ತೆಗೆಯುವ ಮಾತು

ಬಸ್ಸು ನಿಲ್ಲುವ ಜಾಗದ ಬಳಿಯ ಗ್ಯಾರೇಜಿಗೆ ಸವಾರ ಬೈಕನ್ನು ತಳ್ಳಿಕೊಂಡು ಬಂದ.

"ಬಡಿದು ನೆಟ್ಟಗೆ ಮಾಡ್ಕೊಡಣ್ಣಾ. ಸಾಯಂಕಾಲದ ಹಾಲಿಗೆ ಹೋಗಬೇಕು" ಎಂದ.

ನಡುವಯಸ್ಸಿನ ಮೇಸ್ತ್ರಿ ಒಡನೆಯೇ ಉತ್ತರ ಕೊಡಲಿಲ್ಲ. ಬೈಕಿನ ಮುಂದೆ ನಿಂತು, ಮುಂಚಕ್ರವನ್ನು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಬಿದ್ದ ಬೈಕಿನ ಹ್ಯಾಂಡಲ್ಲು ಓರೆಯಾಗಿ ಕಂಡ ಮಾತ್ರಕ್ಕೆ ಅದು ಬಾಗಿದೆ ಎನ್ನುವಂತಿಲ್ಲ. ಎಷ್ಟೋ ವೇಳೆ ಫೋರ್ಕಿನ ಕೊಳವೆಗಳು ತಮ್ಮ ಹಿಡಿತದಲ್ಲಿ ತುಸು ತಿರುಚಿಕೊಂಡಿರುತ್ತವೆ. ನಟ್ಟು ಸಡಿಲಿಸಿ ಸರಿಮಾಡಿದರೆ ಹ್ಯಾಂಡಲ್ಲು ತಾನಾಗಿ ನೇರವಾಗುತ್ತದೆ. ಇಲ್ಲಿ ಹಾಗಾಗಿರಲಿಲ್ಲ. ಫೋರ್ಕು ನೆಟ್ಟಗಿತ್ತು, ಕ್ಲಾಂಪಿನಿಂದ ನಾಲ್ಕು ಬೆರಳು ಆಚೆಗೆ ಕೊಳವೆಯೇ ಬಾಗಿತ್ತು.

"ಮಾಡ್ಕೊಡೋದು ಕಷ್ಟವಲ್ಲಪ್ಪ. ನಾಳೆ ನಿನ್ನ ಹಿಂದೆ ಮಗಳು ಕೂತ್ಕೊಳ್ತಾಳಲ್ಲ, ಅದನ್ನ ನೆನೆಸ್ಕೊ" ಎಂದ ಮೇಸ್ತ್ರಿ.

ಈ ಮಾತಿನ ತಿರುಳು ಪ್ರತಿಯೊಂದು ಮನೆಯಲ್ಲಿಯೂ ತಿಳಿದದ್ದೇ. ಒಂದು ತಂತಿಯನ್ನು ತುಂಡರಿಸಲು ಇಕ್ಕಳ ಸಿಕ್ಕದಿದ್ದರೆ ಅದನ್ನು ಒಂದೇ ಕಡೆ ಅತ್ತಿತ್ತ ಬಗ್ಗಿಸುತ್ತಾರೆ. ನಾಲ್ಕಾರು ಸಲಕ್ಕೆ ಅದು ತಾನಾಗಿ ಮುರಿಯುತ್ತದೆ. ಹ್ಯಾಂಡಲ್ಲು ಒಳಗೆ ಟೊಳ್ಳಾದ ಕೊಳವೆ. ಬೀಳುವಾಗ ಅದು ಒಂದು ಸಲ ಬಾಗಿರುತ್ತದೆ. ಬಡಿದು ನೆಟ್ಟಗೆ ಮಾಡುವುದೆಂದರೆ ಅದೇ ಜಾಗದಲ್ಲಿ ಎರಡನೆಯ ಸಲ ಬಾಗಿಸುವುದು. ಹೊರಗೆ ನೇರವಾಗಿ ಕಂಡರೂ ಒಳಗೆ ಕೂದಲೆಳೆಯಷ್ಟು ಬಿರುಕು ಹುಟ್ಟಿರಬಹುದು. ಬೆಂಕಿಯಲ್ಲಿ ಕಾಯಿಸಿ ಬಾಗಿಸಿದರೆ ಕ್ರೋಮ್ ಲೇಪ ಹಾಳಾಗುತ್ತದೆ, ಉಕ್ಕಿನ ಬಿಗಿಯೂ ಕುಂದುತ್ತದೆ. ಅಲ್ಯೂಮಿನಿಯಮ್ ಹ್ಯಾಂಡಲ್ಲಾದರಂತೂ ಬೆಂಡು ತೆಗೆಯುವ ಯೋಚನೆಯನ್ನೇ ಮಾಡಬಾರದು. ಅದು ಉಕ್ಕಿಗಿಂತ ಬೇಗ ಬಿರಿಯುತ್ತದೆ. ಇಂಥ ಹ್ಯಾಂಡಲ್ಲು ಮುರಿಯುವುದು ಗ್ಯಾರೇಜಿನಲ್ಲಲ್ಲ. ಗುಂಡಿಗೆ ಚಕ್ರ ಇಳಿದಾಗ, ಬ್ರೇಕು ಹಾಕಿದವನ ಭಾರವೆಲ್ಲ ಕೈಗೆ ಬಂದಾಗ, ಎದುರಿಗೆ ಲಾರಿ ಇರುವಾಗ.

ಸವಾರ ಸುಮ್ಮನೆ ನಿಂತ. ಕಂಪನಿಯ ಹ್ಯಾಂಡಲ್ಲನ್ನು ತರಿಸಲು ದಿನಗಳು ಹಿಡಿಯುತ್ತವೆ, ಬೆಲೆಯೂ ಹೆಚ್ಚು. ಹಾಲು ದಿನಗಳನ್ನು ಕಾಯದು. ಕೊನೆಗೆ ಮೇಸ್ತ್ರಿಯೇ ದಾರಿ ಹೇಳಿದ. ಅಂದಿನ ಹಾಲನ್ನು ನೆರೆಮನೆಯವನ ಬೈಕಿನಲ್ಲಿ ಕಳುಹಿಸುವುದು. ಕಾಲೇಜಿಗೆ ಹೋಗುವ ಮಗನನ್ನು ಮರುದಿನ ಬೆಳಗಿನ ರೈಲಿಗೆ ಹತ್ತಿಸಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಕಳುಹಿಸುವುದು.

ಹಳೆಯ ಹ್ಯಾಂಡಲ್ಲನ್ನು ಬಿಚ್ಚಿ ಪತ್ರಿಕೆಯಲ್ಲಿ ಸುತ್ತಿ ಹುಡುಗನ ಕೈಗೆ ಕೊಡುತ್ತಾ ಮೇಸ್ತ್ರಿ, "ಬಲಗಡೆ ನೋಡಬೇಡ, ಅದು ಸುಳ್ಳು ಹೇಳುತ್ತೆ. ಎಡಗಡೆ ಬಾಗಿಲ್ಲ, ಅದನ್ನೇ ಅಳತೆಗೆ ಹಿಡಿ" ಎಂದ.

ಅಂಗಡಿಸಾಲಿನಲ್ಲಿ

ಪುರಭವನದ ಬಳಿಯಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಗೆ ಎರಡು ಮುಖಗಳುಂಟು. ಠಾಗೂರರ ಜನ್ಮಶತಮಾನೋತ್ಸವದ ನೆನಪಿಗಾಗಿ ಕಟ್ಟಿದ ರವೀಂದ್ರ ಕಲಾಕ್ಷೇತ್ರದಲ್ಲಿ ಸಂಜೆ ನಾಟಕ, ಸಂಗೀತ. ಅದೇ ರಸ್ತೆಯ ಅಂಗಡಿಗಳಲ್ಲಿ ಹಗಲೆಲ್ಲ ಬೇರಿಂಗು, ಗ್ಯಾಸ್ಕೆಟ್ಟು, ಕನ್ನಡಿ, ಕೇಬಲ್ಲುಗಳ ವ್ಯಾಪಾರ. ನಾಡಿನ ಯಾವ ಮೂಲೆಯ ವಾಹನ ಕೆಟ್ಟರೂ ಅದರ ಮದ್ದು ಇಲ್ಲಿ ಸಿಕ್ಕೀತು ಎಂಬುದು ಮೇಸ್ತ್ರಿಗಳ ನಂಬಿಕೆ.

ಕಂಪನಿಯ ಮುದ್ರೆಯಿಲ್ಲದ ಹೊರಗಿನ ಸಾಮಾನೆಂದರೆ ಹಲವರು ಮೂಗು ಮುರಿಯುತ್ತಾರೆ. ಕಳಪೆ ಮಾಲು ಉಂಟು, ನಿಜ. ಆದರೆ ಹೊರಗಿನದೆಲ್ಲ ಕಳಪೆಯೆಂದರೆ ಮೈಸೂರಿನ ಜಾವಾ ಬೈಕುಗಳ ಕಥೆಯನ್ನು ಮರೆತಂತಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. 1973ರಿಂದ ಅದರ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು ಬೇರೊಂದು ಕಂಪನಿಯ ಮೂಲಕ ಮರಳಿ ಬಂದದ್ದು 2018ರಲ್ಲಿ. ನಡುವಣ ಇಪ್ಪತ್ತೆರಡು ವರ್ಷ ಹಳೆಯ ಬೈಕುಗಳನ್ನು ರಸ್ತೆಯ ಮೇಲೆ ಉಳಿಸಿದ್ದು ಅವುಗಳ ಒಡೆಯರ ಪ್ರೀತಿ, ಮೇಸ್ತ್ರಿಗಳ ಕೈಚಳಕ ಮತ್ತು ಇಂಥ ಅಂಗಡಿಗಳ ಹೊರಗಿನ ಸಾಮಾನು.

ಅಂಗಡಿಯವನು ಹುಡುಗನ ಮುಂದೆ ಮೂರು ಹ್ಯಾಂಡಲ್ಲುಗಳನ್ನು ಇಟ್ಟ. ಮೊದಲನೆಯದು ಅಗಲವಾದ ಕರಿಯ ಅಲ್ಯೂಮಿನಿಯಮ್ಮಿನದು, ನಡುವೆ ದಪ್ಪ, ತುದಿಯಲ್ಲಿ ಸಪೂರ. ಎರಡನೆಯದು ಸಿನಿಮಾದ ನಾಯಕರು ಹಿಡಿಯುವಂಥ ಎತ್ತರದ್ದು. ಮೂರನೆಯದು ಕ್ರೋಮ್ ಲೇಪದ ಸಾದಾ ಉಕ್ಕಿನದು. ಹರೆಯದ ಕಣ್ಣು ಮೊದಲೆರಡರ ಮೇಲೆ ಹರಿದದ್ದು ಸಹಜವೇ.

ಆದರೆ ಅಳತೆಪಟ್ಟಿಗೆ ಅಂದಚೆಂದ ತಿಳಿಯದು. ಹಳೆಯ ಹ್ಯಾಂಡಲ್ಲಿನ ದಪ್ಪ 22 ಮಿಲಿಮೀಟರ್. ಬಹುತೇಕ ಸಾಮಾನ್ಯ ಬೈಕುಗಳದೂ ಅಷ್ಟೇ. ಕರಿಯ ಹ್ಯಾಂಡಲ್ಲು ನಡುವಿನಲ್ಲಿ 28.6 ಮಿಲಿಮೀಟರ್; ಬೈಕಿನ ಕ್ಲಾಂಪಿನಲ್ಲಿ ಅದು ಕೂರುವುದೇ ಇಲ್ಲ. ಎತ್ತರದ್ದು ಕೂರುತ್ತದೆ, ಆದರೆ ಕ್ಲಚ್ಚು, ಬ್ರೇಕು, ಎಕ್ಸಲೇಟರುಗಳ ಕೇಬಲ್ಲು ಅಲ್ಲಿಯವರೆಗೆ ಎಟುಕುವುದಿಲ್ಲ. ಉದ್ದನೆಯ ಕೇಬಲ್ಲುಗಳನ್ನು ಬೇರೆಯಾಗಿ ಕೊಳ್ಳಬೇಕು. ಅಲ್ಲದೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಮುರಿದದ್ದರ ಬದಲಿಗೆ ಅದೇ ಆಕಾರದ್ದನ್ನು ಹಾಕುವುದು ರಿಪೇರಿ. ಬೈಕಿನ ರೂಪವನ್ನೇ ಬದಲಿಸುವುದು ಬೇರೆಯ ಮಾತು.

ಹುಡುಗ ಸಾದಾ ಹ್ಯಾಂಡಲ್ಲಿನ ಎಡಭಾಗದ ಮೇಲೆ ಹಳೆಯದರ ಎಡಭಾಗವನ್ನು ಇಟ್ಟು ನೋಡಿದ. ದಪ್ಪ, ಅಗಲ, ಎತ್ತರ, ಸವಾರನತ್ತ ಬಾಗಿದ ಓರೆ, ಈ ನಾಲ್ಕೂ ಒಂದರ ಮೇಲೊಂದು ಕೂತವು. ಕಂಪನಿಯ ಹೆಸರು ಮಾತ್ರ ಅದರ ಮೇಲೆ ಇರಲಿಲ್ಲ.

ದನಿಯ ಪರೀಕ್ಷೆ

ಮಧ್ಯಾಹ್ನದ ಹೊತ್ತಿಗೆ ಹೊಸ ಹ್ಯಾಂಡಲ್ಲು ತೊಂಡೇಬಾವಿಯ ಗ್ಯಾರೇಜಿಗೆ ಬಂತು. ಮೇಸ್ತ್ರಿ ಅದನ್ನು ಕ್ಲಾಂಪಿನಲ್ಲಿ ಸಡಿಲವಾಗಿ ಕೂರಿಸಿ, ಸವಾರನನ್ನೇ ಸೀಟಿನ ಮೇಲೆ ಕುಳ್ಳಿರಿಸಿದ. ಅವನ ಮಣಿಕಟ್ಟು ಮಡಿಯದೆ, ಬೆನ್ನು ಬಾಗದೆ ಕೈ ಸಹಜವಾಗಿ ಬೀಳುವ ಜಾಗ ನೋಡಿ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿದ.

ಅಲ್ಲೊಂದು ತೊಡಕು ಬಂತು. ಸ್ವಿಚ್ಚಿನ ಡಬ್ಬಿಯ ಒಳಗೆ ಪುಟ್ಟ ಮೊಳೆಯೊಂದು ಇರುತ್ತದೆ; ಅದು ಹ್ಯಾಂಡಲ್ಲಿನ ರಂಧ್ರದಲ್ಲಿ ಕೂತರೆ ಡಬ್ಬಿ ಅಲುಗುವುದಿಲ್ಲ. ಹೊಸದರಲ್ಲಿ ರಂಧ್ರವೇ ಇರಲಿಲ್ಲ. ಮೊಳೆಯನ್ನು ಕತ್ತರಿಸಿಬಿಟ್ಟರೆ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಎಕ್ಸಲೇಟರು ತಿರುಗಿಸುವಾಗ ಡಬ್ಬಿಯೂ ಜೊತೆಗೆ ತಿರುಗಲು ತೊಡಗುತ್ತದೆ. ಮೇಸ್ತ್ರಿ ಜಾಗ ಗುರುತಿಸಿ, ಮೊಳೆಗೆ ತಕ್ಕಷ್ಟೇ ಚಿಕ್ಕ ರಂಧ್ರ ಕೊರೆದ.

ಕೊನೆಯ ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ. ಎಂಜಿನ್ನನ್ನು ನಿಧಾನಗತಿಯಲ್ಲಿ ಬಿಟ್ಟು ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ತಿರುಗಿಸಿದ. ಎಂಜಿನ್ನಿನ ದನಿ ಬದಲಾಗಲಿಲ್ಲ. ಬಲಕ್ಕೆ ಪೂರ್ತಿ ತಿರುಗಿಸಿದ. ಯಾರೂ ಎಕ್ಸಲೇಟರು ಮುಟ್ಟದೆಯೇ ದನಿ ಏರಿತು. ಕೇಬಲ್ಲು ಎಲ್ಲಿಯೋ ಬಿಗಿಯಾಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಸಂಘದ ಬಾಗಿಲಲ್ಲಿ ಬೈಕು ಬಲಕ್ಕೆ ತಿರುಗಿದಾಗ ಅದು ತಾನಾಗಿ ಮುನ್ನುಗ್ಗುತ್ತಿತ್ತು. ಅಲ್ಲಿ ಕ್ಯಾನು ಹಿಡಿದ ಹೆಂಗಸರು, ಮಕ್ಕಳು ಸಾಲು ನಿಂತಿರುತ್ತಾರೆ. ಮೇಸ್ತ್ರಿ ಕೇಬಲ್ಲನ್ನು ಬಿಚ್ಚಿ, ಫೋರ್ಕಿನ ಪಕ್ಕದಿಂದ ಅದರ ಹಳೆಯ ದಾರಿಯಲ್ಲೇ ಹಾಯಿಸಿ, ಮತ್ತೆ ಎರಡೂ ಕಡೆ ತಿರುಗಿಸಿದ. ಈಗ ದನಿ ಒಂದೇ ಸಮನಾಗಿತ್ತು. ಎಕ್ಸಲೇಟರು ಬಿಟ್ಟೊಡನೆ ಟಕ್ಕನೆ ಹಿಂದಕ್ಕೆ ಬರುತ್ತಿತ್ತು. ಕೈಗೂ ಟ್ಯಾಂಕಿಗೂ ನಡುವೆ ಬೆರಳಾಡುವಷ್ಟು ಜಾಗವಿತ್ತು.

"ನಾಲ್ಕು ದಿನ ಓಡಿಸಿ ಬಾ, ಬೋಲ್ಟು ಇನ್ನೊಂದ್ಸಲ ನೋಡ್ಬೇಕು" ಎಂದ ಮೇಸ್ತ್ರಿ.

ಹೊರಗಿನ ಸಾಮಾನು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅದರ ಮೇಲಿನ ಮುದ್ರೆಯೊಂದೇ ಉತ್ತರ ಹೇಳಲಾರದು. ಅಳತೆ ಹೇಳಬೇಕು; ಕೂರಿಸಿದವನ ತಾಳ್ಮೆ ಹೇಳಬೇಕು. ಕಂಪನಿಯ ಹ್ಯಾಂಡಲ್ಲಿಗೇ ಕೇಬಲ್ಲನ್ನು ತಪ್ಪು ದಾರಿಯಲ್ಲಿ ಹಾಯಿಸಿದ್ದರೂ ಅಪಾಯ ಅದೇ ಆಗುತ್ತಿತ್ತು.

ಸವಾರ ಸಂಜೆಯ ಹಾಲಿಗೆ ಹೊರಟುಹೋದ ಮೇಲೆ ಹಳೆಯ ಹ್ಯಾಂಡಲ್ಲು ಗ್ಯಾರೇಜಿನಲ್ಲಿಯೇ ಉಳಿಯಿತು. ಗುಜರಿಯವನಿಗೆ ಹಾಗೆಯೇ ಕೊಟ್ಟರೆ ಯಾರಾದರೂ ಬಡಿದು, ಹೊಳಪು ಕೊಟ್ಟು, ಹೊಸದೆಂದು ಮಾರಬಹುದು. ಮೇಸ್ತ್ರಿ ಗರಗಸ ತೆಗೆದುಕೊಂಡು ಅದನ್ನು ನಡುವೆ ಎರಡು ತುಂಡು ಮಾಡಿದ. ಬಾಗಿದ ಬಲಭಾಗ ಗುಜರಿ ಮೂಟೆಗೆ ಹೋಯಿತು. ನೆಟ್ಟಗಿದ್ದ ಎಡಭಾಗ ಗೋಡೆಗೆ ಸೇರಿ ಹಳೆಯ ಟೈರುಗಳನ್ನು ನೇತುಹಾಕುವ ಗೂಟವಾಯಿತು.