ಬಂಡೆಯೂ ಕೆರೆಯೂ ಕಲಿಸುವ ಮುಂದಾಳತನ

ಕೂಡ್ಲಿಗಿಯಿಂದ ಗುಡೇಕೋಟೆಯತ್ತ ಹೊರಟರೆ ಕಣ್ಣಿಗೆ ಬೀಳುವುದು ಗುಂಡುಗಲ್ಲಿನ ಗುಡ್ಡಗಳು. ಲಕ್ಷಾಂತರ ವರ್ಷಗಳ ಬಿಸಿಲು, ಮಳೆಗೆ ಬಿರುಕಿನ ಅಂಚುಗಳು ಸವೆದು ಗ್ರಾನೈಟ್ ಬಂಡೆಗಳು ಹೀಗೆ ದುಂಡಗಾಗಿವೆ. ಇವುಗಳ ಮೇಲೆಯೇ ಪಾಳೆಯಗಾರರ ಕೋಟೆ ನಿಂತಿದೆ.

ಇಲ್ಲಿ ಹತ್ತು ವಿದ್ಯಾರ್ಥಿಗಳ ತಂಡ ಬೆಟ್ಟ ಹತ್ತಿತೆನ್ನಿ. ಎಲ್ಲರಿಗಿಂತ ಮುಂದೆ ಓಡುವವನೇ ನಾಯಕ ಎಂದು ಮೊದಲು ತೋರುತ್ತದೆ. ಅರ್ಧ ದಾರಿಯಲ್ಲಿ ಒಬ್ಬ ಏದುಸಿರು ಬಿಡುತ್ತ ಕುಳಿತಾಗ ಅವನ ಚೀಲ ಹೊತ್ತು, ಉಳಿದ ನೀರಿನ ಲೆಕ್ಕ ಹಾಕಿ, 'ಇವತ್ತಿಗೆ ಇಷ್ಟು ಸಾಕು, ಇಳಿಯೋಣ' ಎನ್ನುವ ಹುಡುಗಿಯೇ ನಿಜವಾದ ನಾಯಕಿ ಎಂದು ಆಮೇಲೆ ತಿಳಿಯುತ್ತದೆ. ಕತ್ತಲಿಗೆ ಮೊದಲು ಇಳಿಯಲೇಬೇಕು. ಗುಡೇಕೋಟೆ ಸುತ್ತಲಿನ ಕಾಡು 2013ರಲ್ಲಿ ಕರಡಿಧಾಮವಾಗಿದೆ. ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಈ ಪಾಠ ಏಕೆ? ಸೇತುವೆಯನ್ನಾಗಲಿ ಯಂತ್ರವನ್ನಾಗಲಿ ಒಬ್ಬರೇ ಕಟ್ಟಲಾಗದು. 1941ರಲ್ಲಿ ಕುರ್ಟ್ ಹಾನ್ ಎಂಬ ಶಿಕ್ಷಣತಜ್ಞರು ವೇಲ್ಸ್‌ನ ಅಬರ್‌ಡೋವಿಯಲ್ಲಿ 'ಔಟ್‌ವರ್ಡ್ ಬೌಂಡ್' ಶಾಲೆ ತೆರೆದದ್ದು ಎಳೆಯ ನಾವಿಕರು ಕಷ್ಟದಲ್ಲಿ ಎದೆಗುಂದದಿರಲೆಂದು. ಅಂಥ ಶಾಲೆಗೆ ಬೇಕಾದ ನೆಲ ನಮ್ಮ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳಲ್ಲೇ ಇದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನೇ ನೋಡಿ. ಹಿಂದಿನವರು ನೀರಾವರಿಗೆಂದು ಕಟ್ಟಿದ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಕೊಕ್ಕರೆಗಳ ಗೂಡು. ಎರಡು ತಂಡಗಳು ಒಂದೇ ಹಿಂಡನ್ನು ಎಣಿಸಿದರೆ ಲೆಕ್ಕ ಬೇರೆ ಬೇರೆ ಬರುತ್ತದೆ. ಆಗ ದನಿ ಏರಿಸುವವನಿಗಿಂತ 'ಮರಗಳನ್ನು ಹಂಚಿಕೊಂಡು ಮತ್ತೆ ಎಣಿಸೋಣ' ಎನ್ನುವವನು ತಂಡವನ್ನು ಮುಂದಕ್ಕೆ ಒಯ್ಯುತ್ತಾನೆ.

ಕೊಟ್ಟೂರಿನ ಪಾಠ ಇನ್ನೂ ಗಂಭೀರ. 2017ರ ರಥೋತ್ಸವದಲ್ಲಿ ಕೊಟ್ಟೂರೇಶ್ವರ ಸ್ವಾಮಿಯ ತೇರು ಉರುಳಿಬಿದ್ದು ಜನ ಗಾಯಗೊಂಡರು. ಅಚ್ಚು, ಗಾಲಿ, ಹಗ್ಗ, ಜನಸಂದಣಿ ಇವುಗಳನ್ನು ಮುಂಚಿತವಾಗಿ ಪರೀಕ್ಷಿಸಿ 'ಇನ್ನೂ ಎಳೆಯಬೇಡಿ' ಎಂದು ಹೇಳುವ ಧೈರ್ಯ ಮುಂದೆ ಎಂಜಿನಿಯರ್ ಆಗುವವರಿಗೆ ಬೇಕು. ಅದು ಪುಸ್ತಕದಿಂದ ಬರುವುದಿಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಅದು ನಂಬಿಕೆಯ ಬಲ. ತಂಡದ ನಾಯಕನಿಗೂ ಆ ನಂಬಿಕೆ ಒಂದೇ ದಿನದಲ್ಲಿ ಸಿಗದು. ಜೊತೆಗೆ ನಡೆದು, ಬುತ್ತಿ ಹಂಚಿಕೊಂಡು ಗಳಿಸಬೇಕು.

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಹೋದಾಗ ಮಕ್ಕಳ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು, ಬಿದ್ದ ಮಳೆನೀರು ಕೋಟೆಯೊಳಗೆ ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನಕ್ಷೆ ಬರೆಸಬಹುದು. ಅಳೆಯುವವರು, ಬರೆಯುವವರು, ಕಾವಲು ನೋಡುವವರು ಯಾರೆಂದು ಅವರೇ ತೀರ್ಮಾನಿಸಲಿ.

ಪಾಲಕರಿಗೊಂದು ಮಾತು. 'ಬಿಸಿಲು, ಕಲ್ಲು, ಹೆಣ್ಣುಮಗು' ಎಂಬ ನಿಮ್ಮ ಅಂಜಿಕೆ ಸಹಜ. ಆದ್ದರಿಂದಲೇ ಕಳಿಸುವ ಮುನ್ನ ಕೇಳಿ: ಜೊತೆಗೆ ಯಾವ ಅಧ್ಯಾಪಕರು, ಅಧ್ಯಾಪಕಿಯರು ಇದ್ದಾರೆ? ಪ್ರಥಮ ಚಿಕಿತ್ಸೆ ಗೊತ್ತಿರುವವರು ಯಾರು? ಮರಳುವ ಹೊತ್ತು ಎಷ್ಟು? ಉತ್ತರ ಸರಿಯಿದ್ದರೆ ಧೈರ್ಯವಾಗಿ ಕಳಿಸಿ. ಟೋಪಿ, ಗಟ್ಟಿ ಅಟ್ಟೆಯ ಬೂಟು, ಎರಡು ಲೀಟರ್ ನೀರು ಮರೆಯದಿರಲಿ.